ಮೂಗಿನವರೆಗೆ ಬಂದ ನೀರು

ಯೆಹೂದಿಗಳ ಪಸ್ಕಹಬ್ಬ ಎಂದರೆ ಎಲ್ಲರಿಗೂ ನೆನಪಾಗುವುದು ಮೊದಲ ರಾತ್ರಿ. ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು, ನಾಲ್ಕು ಬಟ್ಟಲು ದ್ರಾಕ್ಷಾರಸ, ಮನೆಯ ಪುಟ್ಟ ಮಗು ಕೇಳುವ ಪ್ರಶ್ನೆಗಳು. ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು ಮಾತ್ರ ಏಳನೆಯ ದಿನ. ಐಗುಪ್ತದ, ಅಂದರೆ ಈಜಿಪ್ಟಿನ, ಗುಲಾಮಗಿರಿಯಿಂದ ಹೊರಟ ಅವರ ಪೂರ್ವಜರು ಸಮುದ್ರ ದಾಟಿದ್ದು ಅವತ್ತು ಅನ್ನುತ್ತದೆ ಅವರ ಸಂಪ್ರದಾಯ. ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ, ಧರ್ಮಗ್ರಂಥ ತೋರಾದ ಅದೇ ಭಾಗವನ್ನು ಓದುತ್ತಾರೆ. ಭಕ್ತಿಪರಂಪರೆಯ ಕೆಲವು ಹಸೀದಿ ಪಂಗಡದವರಂತೂ ನೆಲದ ಮೇಲೆ ನೀರು ಸುರಿದು ಅದರಲ್ಲೇ ಕುಣಿಯುತ್ತಾರೆ.

ನಾನು ಯೆಹೂದಿ ಅಲ್ಲ. ಸಂಜೆ ದೀಪ ಹಚ್ಚಿ ಕೈಮುಗಿಯುವ ಮನೆಯವಳು. ಆದರೂ ಈ ಕತೆ ನನ್ನನ್ನೇ ಬೈದ ಹಾಗಿದೆ.

ತೋರಾದ ಎರಡನೇ ಪುಸ್ತಕ ವಿಮೋಚನಕಾಂಡದ 14ನೇ ಅಧ್ಯಾಯ. ಹಿಂದೆ ಐಗುಪ್ತದ ರಾಜ ಫರೋಹನ ಸೈನ್ಯ, ಅದರಲ್ಲಿ ಆರಿಸಿ ತಂದ 600 ರಥಗಳು. ಮುಂದೆ ಸಮುದ್ರ. ಜನ ತಮ್ಮನ್ನು ಕರೆತಂದ ನಾಯಕ ಮೋಶೆಯ ಮೇಲೆ ಹರಿಹಾಯುತ್ತಾರೆ: ಐಗುಪ್ತದಲ್ಲಿ ಗೋರಿಗಳಿಗೆ ಬರವಿತ್ತಾ, ಸಾಯೋದಕ್ಕೆ ಇಲ್ಲಿಗೆ ಕರೆದುಕೊಂಡು ಬಂದೆಯಾ? (ಅಂಥ ಹೊತ್ತಲ್ಲೂ ಕೊಂಕು ಬಿಡಲಿಲ್ಲ, ನೋಡಿ.) ಮೋಶೆ ಧೈರ್ಯ ಹೇಳುತ್ತಾನೆ. ಹೆದರಬೇಡಿ, ನಿಂತು ನೋಡಿ, ನಿಮಗಾಗಿ ದೇವರೇ ಯುದ್ಧ ಮಾಡುತ್ತಾನೆ, ನೀವು ಸುಮ್ಮನಿರಿ.

ಎಷ್ಟು ಭಕ್ತಿಯ ಮಾತು, ಅಲ್ವಾ? ಅಧ್ಯಾಯ ಇಲ್ಲಿಗೇ ಮುಗಿದಿದ್ದರೆ ನಾವು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೆವು. ಆದರೆ ಮುಂದಿನ ಸಾಲಿನಲ್ಲೇ ದೇವರು ಕೇಳುತ್ತಾನೆ: ನನಗೇಕೆ ಮೊರೆಯಿಡುತ್ತೀ? ಹೊರಡಿ ಅಂತ ಜನರಿಗೆ ಹೇಳು.

ತಮಾಷೆ ಎಂದರೆ, ಮೋಶೆ ಮೊರೆಯಿಟ್ಟ ಅಂತ ಅದಕ್ಕೆ ಮುಂಚೆ ಎಲ್ಲೂ ಬರೆದಿಲ್ಲ. ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಇಂಥ ಸಂದಿಯನ್ನು ಸುಮ್ನೆ ಬಿಡುವವರಲ್ಲ. ಅವರ ಚರ್ಚೆಗಳ ದೊಡ್ಡ ಸಂಗ್ರಹ ತಾಲ್ಮೂದ್‌ನ ಸೋಟಾ ಭಾಗದಲ್ಲಿ ಅಲ್ಲಿ ನಡೆದದ್ದೇನು ಅನ್ನುವ ಚರ್ಚೆ ಬರುತ್ತದೆ. ರಬ್ಬಿ ಮೇಯಿರ್ ಪ್ರಕಾರ, ನಾನು ಮೊದಲು ಇಳಿಯುತ್ತೇನೆ, ನಾನು ಮೊದಲು ಅಂತ ಕುಲಗಳ ನಡುವೆ ಪೈಪೋಟಿ ಆಯಿತು. ರಬ್ಬಿ ಯೆಹೂದ ಒಪ್ಪುವುದಿಲ್ಲ. ನಾನು ಮೊದಲು ಇಳಿಯಲ್ಲ, ನೀನು ಇಳಿ ಅಂತ ಎಲ್ಲರೂ ಹಿಂದೆ ಸರಿದರು ಅನ್ನುತ್ತಾನೆ. ನನಗೆ ಎರಡನೆಯದೇ ನಿಜ ಅನ್ನಿಸುತ್ತದೆ. ಜನ ಹಾಗೇ ಅಲ್ವಾ ಇರುವುದು?

ಆ ಎಳೆದಾಟದ ನಡುವೆ ಯೆಹೂದ ಕುಲದ ಒಬ್ಬ ನೀರಿಗೆ ಹಾರುತ್ತಾನೆ. ಹೆಸರು ನಹಶೋನ, ಅಮ್ಮೀನಾದಾಬನ ಮಗ, ಮೋಶೆಯ ಅಣ್ಣ ಆರೋನನ ಹೆಂಡತಿಯ ಅಣ್ಣನೋ ತಮ್ಮನೋ. ಸಮುದ್ರ ಇನ್ನೂ ಸೀಳಿಲ್ಲ. ಅದನ್ನು ಸೀಳಲು ಮೋಶೆ ಎತ್ತಬೇಕಾದ ಕೋಲು ಇನ್ನೂ ಮೇಲೆದ್ದಿಲ್ಲ. ಅತ್ತ ದಡದಲ್ಲಿ ಮೋಶೆ ಪ್ರಾರ್ಥನೆಯನ್ನು ಉದ್ದ ಮಾಡುತ್ತಿದ್ದಾನೆ. ಆಗ ದೇವರು ಹೇಳುವ ಮಾತು: ನನ್ನ ಪ್ರೀತಿಯವರು ಸಮುದ್ರದಲ್ಲಿ ಮುಳುಗುತ್ತಿದ್ದಾರೆ, ನೀನು ನನ್ನ ಮುಂದೆ ಪ್ರಾರ್ಥನೆ ಉದ್ದ ಮಾಡುತ್ತಾ ನಿಂತಿದ್ದೀಯಾ?

ಹೋದ ವರ್ಷ ತಂಗಿಯ ಜೊತೆ ಮಾತು ಬಿಟ್ಟಿದ್ದೆ. ಕಾರಣ ಹೇಳಿದರೆ ನೀವು ನಗುತ್ತೀರಿ. ನಮ್ಮಿಬ್ಬರನ್ನೂ ಸರಿ ಮಾಡಪ್ಪಾ ಅಂತ ದಿನಾ ದೇವರ ಮುಂದೆ ಕೂರುತ್ತಿದ್ದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಅದೇನೂ ಸುಳ್ಳಲ್ಲ. ಫೋನು ಪಕ್ಕದ ಟೇಬಲ್ ಮೇಲೇ ಇರುತ್ತಿತ್ತು. ನನ್ನ ಪ್ರಾರ್ಥನೆ ದಿನದಿಂದ ದಿನಕ್ಕೆ ಉದ್ದವಾಗುತ್ತಾ ಹೋಯಿತು. ಅದು ಮುಗಿದರೆ ಫೋನು ಎತ್ತಬೇಕಲ್ಲ.

ಇದನ್ನು ಪ್ರಾರ್ಥನೆ ಬೇಡ ಅನ್ನುವ ಕತೆ ಎಂದು ಓದುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಯಾಕೆಂದರೆ ನಹಶೋನನೂ ಪ್ರಾರ್ಥನೆ ಮಾಡಿದ. ಕೀರ್ತನೆ 69ರ ಆ ಸಾಲುಗಳು ಅವನ ಬಗ್ಗೆಯೇ ಎನ್ನುತ್ತದೆ ತಾಲ್ಮೂದ್: ದೇವರೇ ಕಾಪಾಡು, ನೀರು ಪ್ರಾಣದವರೆಗೂ ಬಂದಿದೆ, ಆಳದ ಕೆಸರಲ್ಲಿ ಸಿಕ್ಕಿಕೊಂಡಿದ್ದೇನೆ, ಕಾಲೂರಲು ಜಾಗವಿಲ್ಲ. ದಡದಲ್ಲಿ ನಿಂತವನಿಗೆ ಈ ಮಾತು ಹೊಳೆಯುವುದಿಲ್ಲ. ಕಾಲ ಕೆಳಗಿನ ಮರಳು ಜಾರಿದವನಿಗೆ ಮಾತ್ರ ಹೊಳೆಯುತ್ತದೆ. ಮಿದ್ರಾಷ್ ಎಂಬ ರಬ್ಬಿಗಳ ವ್ಯಾಖ್ಯಾನವೊಂದು ಹೇಳುವಂತೆ, ನೀರು ಒಳಗಿಳಿದವರ ಮೂಗಿನವರೆಗೆ ಬರುವ ತನಕ ಸಮುದ್ರ ಸೀಳಲಿಲ್ಲ. ಮೊಣಕಾಲು ಮುಳುಗಿದಾಗಲ್ಲ, ಸೊಂಟ ಮುಳುಗಿದಾಗಲೂ ಅಲ್ಲ.

ಉದ್ದದ ಪ್ರಾರ್ಥನೆಗೂ ಜಾಗವಿದೆ. ಇದೇ ಮೋಶೆ ಮುಂದೆ ತನ್ನ ಜನರಿಗಾಗಿ ನಲವತ್ತು ದಿನ, ನಲವತ್ತು ರಾತ್ರಿ ದೇವರ ಮುಂದೆ ಬಿದ್ದುಕೊಂಡಿರುತ್ತಾನೆ. ಅಕ್ಕ ಮಿರ್ಯಾಮಳಿಗೆ ಚರ್ಮರೋಗ ಬಂದಾಗ ಹೀಬ್ರೂವಿನಲ್ಲಿ ಐದೇ ಪದ: 'ಎಲ್ ನಾ ರೆಫಾ ನಾ ಲಾ.' ದೇವರೇ, ದಯಮಾಡಿ, ಅವಳನ್ನು ವಾಸಿ ಮಾಡು. ಅಷ್ಟೇ. ಉದ್ದ ಮಾಡುವುದಕ್ಕೂ ಒಂದು ಹೊತ್ತು, ಚಿಕ್ಕದು ಮಾಡುವುದಕ್ಕೂ ಒಂದು ಹೊತ್ತು ಅಂತ ರಬ್ಬಿಗಳು ಈ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತಾರೆ. ರಬ್ಬಿ ಎಲಾಜಾರ್ ಅಂತೂ ಮೊದಲು ಬಡವನ ಕೈಗೆ ಒಂದು ಕಾಸು ಹಾಕಿ, ಆಮೇಲೆ ಪ್ರಾರ್ಥನೆಗೆ ನಿಲ್ಲುತ್ತಿದ್ದನಂತೆ. ಬೆಳಗಿನ ಪ್ರಾರ್ಥನೆಯ ಹೊತ್ತಲ್ಲಿ ದಾನದ ಡಬ್ಬಿಗೆ ಚಿಲ್ಲರೆ ಹಾಕುವವರು ಈಗಲೂ ಇದ್ದಾರೆ.

ತಂಗಿಗೆ ಫೋನ್ ಮಾಡಿದೆ. ಮೂರನೇ ಸಲ ಎತ್ತಿದಳು. ರಿಂಗ್ ಆಗುತ್ತಿದ್ದಾಗ ನಾನು ಹೇಳಿಕೊಂಡಿದ್ದು ಎರಡೇ ಮಾತು, ಅವೂ ಸರಿಯಾಗಿ ಕೂಡಿ ಬರಲಿಲ್ಲ.

ಆ ಏಳನೆಯ ದಿನದ ಇನ್ನೊಂದು ಪದ್ಧತಿ ಹೇಳಬೇಕು. ಸಮುದ್ರ ದಾಟಿದ ಸಂಭ್ರಮದ ದಿನವಾದರೂ ಹಲ್ಲೆಲ್ ಎಂಬ ಸ್ತುತಿಯನ್ನು ಪೂರ್ತಿ ಹಾಡುವುದಿಲ್ಲ, ಕೆಲವು ಭಾಗ ಬಿಡುತ್ತಾರೆ. ಅದಕ್ಕೆ ಕೊಡುವ ಕಾರಣಗಳಲ್ಲಿ ಒಂದು ತಾಲ್ಮೂದ್‌ನ ಕತೆ. ಐಗುಪ್ತದವರು ನೀರುಪಾಲಾಗುವಾಗ ದೇವದೂತರು ಹಾಡಲು ಹೊರಟರಂತೆ. ದೇವರು ತಡೆದ. ನನ್ನ ಕೈಯಾರೆ ಮಾಡಿದವರು ಸಮುದ್ರದಲ್ಲಿ ಮುಳುಗುತ್ತಿದ್ದಾರೆ, ನೀವು ಹಾಡುತ್ತೀರಾ?

ಮೋಶೆಗೆ ಹೇಳಿದ್ದೂ ಇದೇ ಮಾತು. ಸಮುದ್ರದಲ್ಲಿ ಮುಳುಗುತ್ತಿದ್ದಾರೆ.