ಬೇಡಿ ಅನ್ನುವ ಮೊದಲೇ ಕೈ ಹೋಗಿರುತ್ತದೆ

"ಲೇ ತಮ್ಮಾ, ಇದ್ರಾಗ ಎಲ್ಲಾ ಐತಿ. ನಾ ಈಗ ಏನ್ ಮಾಡ್ಬೇಕು ಅನ್ನೋದೊಂದು ಇಲ್ಲ ನೋಡ."

ರಾತ್ರಿ ಹನ್ನೊಂದೂವರೆಗೆ ಸವಣೂರು ಕಡೆಯ ಹೊಲದಿಂದ ನಮ್ಮ ಕಾಕಾ ಫೋನ್ ಮಾಡಿ ಹೇಳಿದ ಮಾತಿದು. ಅವನ ಕೈಯಲ್ಲಿದ್ದದ್ದು ನಾನೇ ಬರೆದ ಪುಸ್ತಿಕೆ.

ನನ್ನ ಕೆಲಸ ಇದೇ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಬೋರ್‌ವೆಲ್ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಮಾಡುತ್ತೇವೆ. ಅಂದರೆ ಮನೆಯಲ್ಲೇ ಕೂತು ಫೋನ್ ಹೊಡೆದರೆ ಹೊಲದ ಮೋಟಾರ್ ಚಾಲೂ ಆಗುವ ಡಬ್ಬಿ. ಅದರ ಜೊತೆ ಕೊಡುವ ಪುಸ್ತಿಕೆ ಬರೆಯುವುದು, ಅದಕ್ಕೆ ಚಿತ್ರ ಬಿಡಿಸುವುದು, ಪ್ರಿಂಟಿಗೆ ಕಳಿಸುವುದು ಎಲ್ಲಾ ನನ್ನ ತಲೆಗೇ. ಆ ಪುಸ್ತಿಕೆ 16 ಪುಟ ಇತ್ತು. ನನಗೆ ಅದರ ಮೇಲೆ ಜಂಬವೂ ಇತ್ತು.

ಕಾಕಾನ ತೊಂದರೆ ಏನಪ್ಪಾ ಅಂದರೆ, ಅವನು ಡಬ್ಬಿಯೊಳಗೆ ಹಾಕಿದ್ದು 2ಜಿ ಇಲ್ಲದ ಕಂಪನಿಯ 4ಜಿ ಸಿಮ್. ನಮ್ಮ ಡಬ್ಬಿ ಕೆಲಸ ಮಾಡುವುದು 2ಜಿ, ಅಂದರೆ ಹಳೆಯ ಮೊಬೈಲ್ ನೆಟ್‌ವರ್ಕ್ ಮೇಲೆ. ಇದನ್ನು ನಾನು ಬರೆದಿರಲಿಲ್ಲ ಅಂತಲ್ಲ, ಬರೆದಿದ್ದೆ, 13ನೇ ಪುಟದಲ್ಲಿ, 'ತಾಂತ್ರಿಕ ವಿವರಗಳು' ಅನ್ನುವ ಕೋಷ್ಟಕದ ಏಳನೇ ಸಾಲಿನಲ್ಲಿ. ಮೊದಲ ಮೂರು ಪುಟ ಧನ್ಯವಾದ, ಅಭಿನಂದನೆ, ನಮ್ಮ ಡಬ್ಬಿಯ ಗುಣಗಾನ. ಡಬ್ಬಿಯನ್ನು ಆಗಲೇ ರೊಕ್ಕ ಕೊಟ್ಟು ಒಯ್ದವನಿಗೆ ಗುಣಗಾನ ಯಾಕೆ ಬೇಕು ಹೇಳಿ. ಅವನು ಮನೆ ಬಿಡುವ ಮೊದಲು ಓದಬೇಕಿದ್ದ ಮಾತು ಹದಿಮೂರರಲ್ಲಿ ಅಡಗಿ ಕೂತಿತ್ತು. ಹೊಲ ಊರಿಂದ ಮೂರು ಕಿಲೋಮೀಟರ್. ಬೇರೆ ಸಿಮ್ ತರಲು ಆ ರಾತ್ರಿ ವಾಪಸ್ ಹೋಗಬೇಕಾಯಿತು.

ಮುಂದಿನ ವಾರ ನಾನೇ ಹೊಲಕ್ಕೆ ಹೋದೆ. ಒಂದು ಹಟ ಹಿಡಿದೆ: ಕಾಕಾ ಡಬ್ಬಿ ಕೂಡಿಸುವಾಗ ನಾನು ಬಾಯಿ ಬಿಡಬಾರದು, ಏನೇ ಆಗಲಿ. ವೈರಿಂಗ್ ಮಾಡಲು ಊರಿನ ಎಲೆಕ್ಟ್ರಿಷಿಯನ್ ಇದ್ದ, ಅದನ್ನು ರೈತರೇ ಮಾಡಲಿ ಅಂತ ನಾವು ಯಾವತ್ತೂ ಹೇಳುವುದಿಲ್ಲ. ಉಳಿದದ್ದೆಲ್ಲ ಕಾಕಾ ಮತ್ತು ಪುಸ್ತಿಕೆ. ಸುಮ್ನೆ ಕೂರುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ಗಾಳಿ. ಗೋವಿನಜೋಳದ ಹೊಲದಲ್ಲಿ ಪುಸ್ತಿಕೆ ತೆರೆದಿಟ್ಟರೆ ಪುಟ ತಾನೇ ತಿರುಗುತ್ತದೆ, ಅದರ ಮೇಲೆ ಪಾನಾ ಇಟ್ಟ, ಪಾನಾದ ಕೆಳಗೇ ನಾಲ್ಕನೇ ಹೆಜ್ಜೆ ಮುಚ್ಚಿಹೋಯಿತು. ಇನ್ನು ಕರೆಂಟು. ನಮ್ಮ ಕಡೆ ಹೊಲಕ್ಕೆ ತ್ರೀ ಫೇಸ್, ಅಂದರೆ ಮೋಟಾರ್ ಓಡಿಸುವ ಮೂರು ಲೈನಿನ ಕರೆಂಟ್, ಬರುವುದು ಪಾಳಿ ಪ್ರಕಾರ, ರಾತ್ರಿ ಪಾಳಿ ಇದ್ದರೆ ಎಲ್ಲ ಕೆಲಸ ಬ್ಯಾಟರಿ ಬೆಳಕಿನಲ್ಲೇ. ನಾನು ಚೆಂದ ಕಾಣಲಿ ಅಂತ ಹೊಳೆಯುವ ಆರ್ಟ್ ಪೇಪರ್ ಮೇಲೆ ತೆಳು ಬೂದು ಬಣ್ಣದ ಅಕ್ಷರ ಹಾಕಿದ್ದೆ. ಬ್ಯಾಟರಿ ಬಿಟ್ಟರೆ ಕಾಗದವೇ ಹೊಳೆಯುತ್ತದೆ, ಅಕ್ಷರ ಮಾಯ.

ಆದರೆ ಕಾಗದ, ಬಣ್ಣ ಎಲ್ಲ ಬೇಗ ಸರಿ ಮಾಡಬಹುದು. ನನ್ನನ್ನು ನಿಜವಾಗಿ ಕಾಡಿದ್ದು ನನ್ನ ಕನ್ನಡ. ಕಾಕಾ ಒಂದು ವಾಕ್ಯವನ್ನು ಜೋರಾಗಿ ಓದಿದ: "ಸಂಪರ್ಕಗಳು ಸುಭದ್ರವಾಗಿರುವುದನ್ನು ಖಚಿತಪಡಿಸಿಕೊಂಡ ನಂತರ ಮುಖ್ಯ ವಿದ್ಯುತ್ ಸರಬರಾಜನ್ನು ಚಾಲನೆಗೊಳಿಸಿ." ಓದಿ ನನ್ನ ಮುಖ ನೋಡಿದ. "ಖಚಿತ ಪಡಿಸ್ಕೊಳ್ಳಾಕ ಏನ್ ಮಾಡ್ಬೇಕಲೇ?"

ಉತ್ತರ ಇರಲಿಲ್ಲ. ಯಾಕಂದರೆ ಖಚಿತಪಡಿಸಿಕೊಳ್ಳುವುದು ಕೈಯಿಂದ ಮಾಡುವ ಕೆಲಸ ಅಲ್ಲವೇ ಅಲ್ಲ. ನಾನು ಮೊದಲು ಇಂಗ್ಲಿಷಿನಲ್ಲಿ ಬರೆದು, ಆಮೇಲೆ ಕನ್ನಡಕ್ಕೆ ತಂದಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ ಅಲ್ವಾ? ಈಗ ಆ ಜಾಗದಲ್ಲಿ ಹೀಗಿದೆ: "ಮೇನ್ ಬಂದ್ ಇದೆಯಾ ನೋಡಿ. ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡಿ. ಅಲುಗಾಡಿದರೆ ಸ್ಕ್ರೂ ಬಿಗಿ ಮಾಡಿ. ಎಲ್ಲ ಗಟ್ಟಿ ಇದ್ದರೆ ಮೇನ್ ಚಾಲೂ ಮಾಡಿ." ಜಾಗ ಜಾಸ್ತಿ ಹಿಡಿಯಿತು, ನಿಜ. ಆದರೆ ಪ್ರತಿ ವಾಕ್ಯಕ್ಕೂ ಕೈಗೆ ಒಂದು ಕೆಲಸ ಇದೆ.

ಇನ್ನೊಂದು ಇದಕ್ಕಿಂತ ದೊಡ್ಡದು. ನಮ್ಮ ಡಬ್ಬಿಯಲ್ಲಿ ಆಟೋ ಅಂತ ಒಂದು ಸೌಲಭ್ಯ ಇದೆ. ಅದರಲ್ಲಿ ಇಟ್ಟರೆ ಕರೆಂಟ್ ಬಂದ ತಕ್ಷಣ ಮೋಟಾರ್ ತಾನೇ ಶುರುವಾಗುತ್ತದೆ, ಯಾರನ್ನೂ ಕೇಳುವುದಿಲ್ಲ. ಅದಕ್ಕೆ ನಾನು ಬರೆದ ಎಚ್ಚರಿಕೆ: "ಆಟೋ ಸ್ಥಿತಿಯಲ್ಲಿರುವಾಗ ಮುಚ್ಚಳ ತೆರೆದು ಒಳಗಿನ ವೈರುಗಳನ್ನು ಮುಟ್ಟಬೇಡಿ." ವ್ಯಾಕರಣಕ್ಕೆ ಸರಿ ಇದೆ. ಆದರೆ ಒಂದು ಕೈ ಡಬ್ಬಿ ಮೇಲೆ ಇಟ್ಟುಕೊಂಡು, ತುಂಡು ತುಂಡಾಗಿ ಓದುವವನ ಕಡೆಯಿಂದ ನೋಡಿ. ಮುಚ್ಚಳ ತೆರೆದು, ಸರಿ, ತೆರೆದ. ಒಳಗಿನ ವೈರುಗಳನ್ನು, ಸರಿ, ಕೈ ಹೋಯಿತು. ಬೇಡಿ ಅನ್ನುವುದು ಬರುವುದು ಕಟ್ಟಕಡೆಗೆ. ಕನ್ನಡದಲ್ಲಿ 'ಮಾಡು' ಮತ್ತು 'ಮಾಡಬೇಡ' ಎರಡೂ ವಾಕ್ಯದ ಬಾಲದಲ್ಲೇ ಇರುತ್ತವೆ, ಇಂಗ್ಲಿಷಿನ ಹಾಗೆ ಬೇಡ ಅನ್ನುವುದು ಮೊದಲೇ ಬರುವುದಿಲ್ಲ. ನಾನು ಎಷ್ಟೋ ವರ್ಷದಿಂದ ಈ ಭಾಷೆ ಮಾತಾಡುತ್ತಿದ್ದರೂ ಇದು ಹೊಳೆದದ್ದು ಆ ಹೊಲದಲ್ಲಿ, ಕಾಕಾನ ಬೆರಳು ನೋಡುತ್ತಾ. (ಅವತ್ತು ಮೇನ್ ಬಂದ್ ಇತ್ತು, ಹೆದರಬೇಡಿ.)

ಹಾಗಾಗಿ ಈಗ ಸಾಧ್ಯವಾದ ಕಡೆಯೆಲ್ಲ ಬೇಡದ್ದನ್ನು ಬೇಕಾದದ್ದಾಗಿ ತಿರುಗಿಸುತ್ತೇನೆ: "ಮೊದಲು ಮೇನ್ ಬಂದ್ ಮಾಡಿ. ಆಮೇಲೆ ಮುಚ್ಚಳ ಬಿಚ್ಚಿ." ತಿರುಗಿಸಲು ಆಗದಿದ್ದರೆ ಸಾಲಿನ ಮುಂದೆ ಒಂದು ದೊಡ್ಡ ಕಾಟು (×) ಗುರುತು. ಮತ್ತು ಆ ಎಚ್ಚರಿಕೆ ಅದರ ಹೆಜ್ಜೆಗಿಂತ ಒಂದು ಸಾಲು ಮೊದಲು ಇರುತ್ತದೆ, ಎರಡನೇ ಪುಟದಲ್ಲಿ ಹದಿನಾಲ್ಕು ಎಚ್ಚರಿಕೆಗಳ ರಾಶಿಯಲ್ಲಿ ಅಲ್ಲ. ಆ ರಾಶಿಯನ್ನು ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ.

'ಬಿಚ್ಚಿ' ಅಂದೆ ನೋಡಿ, ಅದೂ ಒಂದು ಕಥೆ. ಮೊದಲು 'ತೆಗೆಯಿರಿ' ಅಂತ ಇತ್ತು. ಆದರೆ ಬಾಗಿಲು ತೆಗೆ ಅಂದರೆ ತೆರೆ, ಅಂಗಿ ತೆಗೆ ಅಂದರೆ ಬಿಚ್ಚು, ಲೈಟ್ ತೆಗೆ ಅಂದರೆ ಆರಿಸು. ಸ್ವಿಚ್ ತೆಗೆಯಿರಿ ಅಂತ ಬರೆದರೆ ಓದುವವನು ಏನು ಮಾಡಬೇಕು? ನನ್ನ ಪುಸ್ತಿಕೆಯಿಂದ ತೆಗೆ ಅನ್ನುವ ಪದವನ್ನೇ ತೆಗೆದುಹಾಕಿದ್ದೇನೆ. 'ಗುಂಡಿ ಒತ್ತಿ' ಕೂಡ ಹೋಯಿತು. ರಸ್ತೆಯದ್ದು ನಮಗೆ ತೆಗ್ಗು, ಬೆಂಗಳೂರಿನವರಿಗೆ ಗುಂಡಿ, ನಮ್ಮ ಗುಂಡಿ ಇರುವುದು ಅಂಗಿಯಲ್ಲಿ. ಡಬ್ಬಿಯಲ್ಲಿ ಇರುವುದು ಬಟನ್. ಹಾಗೇ 'ಫೇಸ್ ಅನುಕ್ರಮ ದೋಷ' ಅಂತ ಒಂದಿತ್ತು. ಮೂರು ಫೇಸುಗಳ ಸರದಿ ತಪ್ಪಿದರೆ ಮೋಟಾರ್ ಉಲ್ಟಾ ದಿಕ್ಕಿಗೆ ತಿರುಗುತ್ತದೆ, ನೀರು ಕಡಿಮೆ ಬರುತ್ತದೆ, ಅದಕ್ಕೇ ನಮ್ಮ ಡಬ್ಬಿ ಅಂಥ ಹೊತ್ತಿನಲ್ಲಿ ಮೋಟಾರನ್ನು ಶುರುಮಾಡದೆ ಕೆಂಪು ದೀಪ ಹಚ್ಚುತ್ತದೆ. ಯಾವುದಾದರೂ ಎರಡು ಫೇಸ್ ವೈರುಗಳನ್ನು ಎಲೆಕ್ಟ್ರಿಷಿಯನ್ ಅದಲುಬದಲು ಮಾಡಿದರೆ ಮುಗಿಯಿತು. ಇದನ್ನು ಹೊಲದಲ್ಲಿ ಎಲ್ಲರೂ "ಫೇಸ್ ಉಲ್ಟಾ ಆಗೈತಿ" ಅಂತಾರೆ. ಈಗ ನನ್ನ ಪುಸ್ತಿಕೆಯೂ ಫೇಸ್ ಉಲ್ಟಾ ಅಂತಲೇ ಹೇಳುತ್ತದೆ.

ಮಾಲೀಕರಿಗೆ ಇದು ಹಿಡಿಸಲಿಲ್ಲ. 16 ಪುಟ ಹೋಗಿ ನಡುವೆ ಮಡಚಿದ ಒಂದೇ ಎ4 ಹಾಳೆ, ಅಂದರೆ ನಾಲ್ಕು ಪುಟ ಆಗುತ್ತದೆ ಅಂದಾಗ, "ಪುಸ್ತಕ ವಜ್ಜಾ ಇದ್ರ ಮಾಲಿಗೂ ಒಂದು ತೂಕ ಬರತೈತಿ" ಅಂದರು. ನಾನು ಐಇಸಿ 82079-1 ತೋರಿಸಿದೆ. ಬಳಸುವವರಿಗೆ ಕೊಡುವ ಸೂಚನೆ ಹೇಗಿರಬೇಕು ಅನ್ನುವುದಕ್ಕೇ ಇರುವ ಅಂತಾರಾಷ್ಟ್ರೀಯ ಮಾನದಂಡ ಅದು, 2012ರಲ್ಲಿ ಬಂತು, 2019ರಲ್ಲಿ ಪರಿಷ್ಕರಿಸಿದರು, ಬಣ್ಣದ ಡಬ್ಬಿಯಿಂದ ಹಿಡಿದು ದೊಡ್ಡ ಕಾರ್ಖಾನೆ ಯಂತ್ರದವರೆಗೆ ಅನ್ವಯಿಸುತ್ತದೆ. ಅವರು ತಲೆ ಆಡಿಸಿ ಚಹಾ ಕುಡಿದರು. ಒಪ್ಪಿದ್ದು ಯಾವಾಗ ಅಂದರೆ, ಬರೀ ಸಿಮ್ ಬದಲಿಸಲು ಒಬ್ಬ ಹುಡುಗನನ್ನು ಮುಂಡರಗಿವರೆಗೆ ಬೈಕಿನಲ್ಲಿ ಕಳಿಸಿ ಪೆಟ್ರೋಲ್ ಲೆಕ್ಕ ಹಾಕಿದಾಗ.

ಪ್ರಿಂಟ್ ಮಾಡಿಸುವುದು ಗದಗದಲ್ಲಿ. ಮುದ್ರಣ ಕಾಶಿ ಅಂತ ಹೆಸರು ಪಡೆದ ಊರು, ಅಲ್ಲಿ ಕಾಗದ ಮುಟ್ಟಿ ನೋಡಿಯೇ ಹೇಳುವವರಿದ್ದಾರೆ. ಆರ್ಟ್ ಪೇಪರ್ ಬಿಡಿ, ಹೊಳೆಯದ ಮ್ಯಾಪ್ಲಿಥೋ ಕಾಗದ ಹಾಕಿ ಅಂದದ್ದು ಅವರೇ. ಒಂದು ಕಿರಿಕಿರಿ ಮಾತ್ರ ಇದ್ದೇ ಇರುತ್ತದೆ: ನಾನು ಯುನಿಕೋಡಿನಲ್ಲಿ ಟೈಪ್ ಮಾಡಿದ್ದು ಅವರ ಹಳೆಯ ಡಿಸೈನ್ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಬಿಟ್ಟುಕೊಂಡು ಕೂರುತ್ತದೆ. 'ಸ್ಟಾರ್ಟರ್' ಅನ್ನುವ ಪದದಲ್ಲೇ ಒತ್ತೂ ಇದೆ, ಅರ್ಕಾವತ್ತೂ ಇದೆ, ನನ್ನ ಪುಸ್ತಿಕೆಯಲ್ಲಿ ಅತಿ ಹೆಚ್ಚು ಬರುವ ಪದವೂ ಅದೇ. ಈಗ ಪಿಡಿಎಫ್ ಮಾಡಿಯೇ ಕೊಡುತ್ತೇನೆ, ಕೊಟ್ಟ ಮೇಲೂ ಪ್ರೂಫ್ ಕಣ್ಣಾರೆ ನೋಡುತ್ತೇನೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. 11 ಪಾಯಿಂಟ್ ಅಳತೆಯ ಅಕ್ಷರಕ್ಕೆ ನಾನು ಒಂದು ಸಾಲಿನಿಂದ ಮುಂದಿನ ಸಾಲಿಗೆ 17 ಪಾಯಿಂಟ್ ಬಿಡುತ್ತೇನೆ.

ಬಣ್ಣವನ್ನು ನಂಬುವುದನ್ನೂ ಬಿಟ್ಟೆ. ಕೆಂಪು, ಹಳದಿ, ನೀಲಿ ವೈರುಗಳ ಚಿತ್ರ ಚೆಂದವೇ, ಆದರೆ ಅಂಗಡಿಯವರು ಪುಸ್ತಿಕೆ ಮುಗಿದಾಗ ಝೆರಾಕ್ಸ್ ಹೊಡೆದು ಕೊಡುತ್ತಾರೆ. ಝೆರಾಕ್ಸಿನಲ್ಲಿ ಯಾವ ಬಣ್ಣವೂ ಉಳಿಯುವುದಿಲ್ಲ. ಈಗ ಪ್ರತಿ ವೈರಿನ ಪಕ್ಕ ಬಣ್ಣದ ಹೆಸರು ಬರೆದಿರುತ್ತದೆ. ಮುಖ್ಯವಾದ ಐದು ಹೆಜ್ಜೆಗಳನ್ನು ಸ್ಟಿಕರ್ ಮಾಡಿ ಮುಚ್ಚಳದ ಒಳಬದಿಗೆ ಅಂಟಿಸುತ್ತೇವೆ, ಯಾಕಂದರೆ ಹಾಳೆ ಎರಡೇ ತಿಂಗಳಿಗೆ ಎಲ್ಲೋ ಹೋಗಿರುತ್ತದೆ. ಮೊದಲ ಪುಟದಲ್ಲಿ ಈಗ ಇರುವುದು 'ಹೊಲಕ್ಕೆ ಹೋಗುವ ಮೊದಲು' ಅನ್ನುವ ತಲೆಬರಹ, ಅದರ ಕೆಳಗೆ 2ಜಿ ಸಿಮ್, ಟೆಸ್ಟರ್, ಸ್ಕ್ರೂ ಡ್ರೈವರ್, ಅಷ್ಟೇ.

ಹೊಸ ಹಾಳೆಯನ್ನು ಈ ಸಲ ಚಿಗವ್ವನ ಕೈಗೆ ಕೊಟ್ಟೆ. ವೈರಿಂಗ್ ಆಗಲೇ ಆಗಿತ್ತು, ಸಿಮ್ ಹಾಕಿ ನಂಬರ್ ಸೇರಿಸುವುದು ಅವಳ ಪಾಲು. ಕಾಕಾ ಪಕ್ಕದಿಂದ ಬಾಯಿ ಹಾಕಲು ಬಂದ, ಅವನನ್ನು ಬದುವಿನ ಆಚೆ ಕೂರಿಸಿದೆ. ಎಲ್ಲ ಸರಿಯಾಗಿ ನಡೆಯಿತು, ಆರನೇ ಹೆಜ್ಜೆಯಲ್ಲಿ ಅವಳು ನಿಂತಳು. ಹಸಿರು ದೀಪ ಹತ್ತಿ ಹತ್ತಿ ಆರುತ್ತಿತ್ತು. ಹಾಗೆ ಆರುತ್ತದೆ ಅಂತ ಬರೆದಿದ್ದೆ, ಎಷ್ಟು ಹೊತ್ತು ಅಂತ ಬರೆದಿರಲಿಲ್ಲ. ಅರ್ಧ ನಿಮಿಷ ನೋಡಿದಳು, ಕೆಟ್ಟಿತು ಅಂದುಕೊಂಡಳು. ಮೇನ್ ಬಂದ್ ಮಾಡಿ, ಸಿಮ್ ಹೊರಗೆಳೆದು, ಸೆರಗಿನಿಂದ ಒರೆಸಿ ಮತ್ತೆ ಹಾಕಿದಳು. ಹೀಗೆ ಎರಡು ಸಲ.

ಅಲ್ಲೇ ಬದುವಿನ ಮೇಲೆ ಕೂತು ಫೋನಿನಲ್ಲೇ ತಿದ್ದಿದೆ. "ಸಿಗ್ನಲ್ ಸಿಗಲು ಒಂದೆರಡು ನಿಮಿಷ ಬೇಕು. ಸಿಮ್ ತೆಗೆಯಬೇಡಿ" ಅಂತ ಬರೆದೆ. ಬರೆದ ಮೇಲೆ ನೋಡಿದರೆ ತೆಗೆ, ಬೇಡಿ, ಎರಡೂ ಅದರಲ್ಲೇ ಇವೆ. ಅಳಿಸಿ "ಸಿಮ್ ಅಲ್ಲೇ ಇರಲಿ" ಅಂತ ಮಾಡಿ ಗದಗಕ್ಕೆ ಕಳಿಸಿದೆ.