ಮೆಣಸಿನ ಕೊಯ್ಲಿನ ನಡುವೆ ಒಂದು ಬಾಟಲಿ ವೈನ್

25 ಫೆಬ್ರವರಿ 2025, ಮಂಗಳವಾರ
ಮಡಿಕೇರಿ ಹತ್ತಿರ, ತೋಟದ ಮನೆ

ಬಾಟಲಿಯ ಕೊನೆಯ ಗುಟುಕು ಇವತ್ತು ಸಂಜೆ ಮುಗಿಯಿತು. ಮರೆತು ಹೋಗುವ ಮೊದಲು ಬರೆದಿಡುತ್ತೇನೆ.

ಶನಿವಾರ ಅಕ್ಕ, ಭಾವ ಬೆಂಗಳೂರಿನಿಂದ ಬಂದರು. ನಂದಿಬೆಟ್ಟದ ಕಡೆಯ ರೆಡ್ ವೈನ್ ಒಂದು ತಂದಿದ್ದರು. ಕ್ಯಾಬರ್ನೆ, ಶಿರಾಜ್ ಎರಡೂ ದ್ರಾಕ್ಷಿ ಸೇರಿದ ಬ್ಲೆಂಡ್. ಇಲ್ಲಿ ಕಾಳುಮೆಣಸಿನ ಕೊಯ್ಲು ಜೋರಾಗಿ ನಡೆಯುತ್ತಿದೆ, ಬೆಳಿಗ್ಗೆಯಿಂದ ಬಳ್ಳಿ ಹಬ್ಬಿದ ಸಿಲ್ವರ್ ಮರಗಳಿಗೆ ಏಣಿ ಹಾಕಿ ಮೆಣಸು ಇಳಿಸಿ, ಕಣದಲ್ಲಿ ಹರಡಿ, ಹಿಂದಿನ ದಿನದ್ದನ್ನು ಕೈಯಾಡಿಸಿ ಒಳಗೆ ಬರುವಷ್ಟರಲ್ಲಿ ಏಳು ಗಂಟೆ.

ವೈನ್ ಬಾಟಲಿ ತೆಗೆದ ತಕ್ಷಣ ಕಾಲು ಲೀಟರಿನಷ್ಟನ್ನು ಆಮೇಲಿಗೆ ಅಂತ ಜೇನಿನ ಹಳೇ ಗಾಜಿನ ಬಾಟಲಿಗೆ ಸುರಿದೆ. ಬಿಸಿನೀರಲ್ಲಿ ಎರಡು ಸಲ ತೊಳೆದಿಟ್ಟ ಬಾಟಲಿ. ಕುತ್ತಿಗೆವರೆಗೂ ತುಂಬಿಸಿ, ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಟ್ಟೆ. ಗಾಳಿಗೆ ಜಾಗವೇ ಇರಬಾರದು, ಅದಕ್ಕೆ.

ಉಳಿದದ್ದರ ಮೊದಲ ಗುಟುಕು ಹಿಡಿಸಲಿಲ್ಲ. ಮೂಗಿಗೆ ಬೆಂಕಿಕಡ್ಡಿ ಗೀರಿದ ವಾಸನೆ. ಬಾಯಲ್ಲಿ ಬರೀ ಒಗರು, ಬಲಿಯದ ನೇರಳೆ ಹಣ್ಣು ಜಗಿದ ಹಾಗೆ ನಾಲಿಗೆ, ಒಸಡು ಎಲ್ಲ ಒಣಗಿತು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವ ಟ್ಯಾನಿನ್ ಎಂಬ ಒಗರಿನ ವಸ್ತು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡಾಗ ಹಾಗಾಗುತ್ತದೆ. ವೈನ್ ತಣ್ಣಗಿದ್ದರೆ ಒಗರು ಇನ್ನೂ ಜಾಸ್ತಿ. ನಮ್ಮ ಅಡುಗೆಮನೆಯ ಚಳಿಗೆ ಬಾಟಲಿ ಸರಿಯಾಗಿಯೇ ತಣ್ಣಗಾಗಿತ್ತು. ಸ್ವಲ್ಪ ಗಾಳಿ ಆಡಿಸಿ ನೋಡೋಣ ಅಂದುಕೊಂಡೆ. ಸುಮ್ನೆ ಬಾಟಲಿ ಮುಚ್ಚಳ ತೆಗೆದಿಟ್ಟರೆ ಏನೂ ಆಗುವುದಿಲ್ಲ, ಅಷ್ಟು ಸಣ್ಣ ಬಾಯಲ್ಲಿ ಎಷ್ಟು ಗಾಳಿ ಹೋಗುತ್ತೆ? ಅಗಲ ಬಾಯಿನ ಸ್ಟೀಲ್ ಜಗ್ಗಿಗೆ ಸುರಿದು ಒಲೆಯಿಂದ ಸ್ವಲ್ಪ ದೂರ ಇಟ್ಟು, ಹಂದಿಮಾಂಸದ ಪಂದಿ ಕರಿಗೆ ನಮ್ಮ ಕಡೆಯ ಕಪ್ಪು ಹುಳಿ ಕಾಚಂಪುಳಿ ಬಿಡುವ ಕೆಲಸ ನೋಡಿದೆ.

ಮುಕ್ಕಾಲು ಗಂಟೆಯ ಮೇಲೆ ಜಗ್ಗಿಗೆ ಮೂಗು ಹಾಕಿದರೆ ಗಂಧಕದ ವಾಸನೆ ಹೋಗಿದೆ, ಆ ಜಾಗದಲ್ಲಿ ಕಾಳುಮೆಣಸು! ಒಣಗಿದ ಕಾಳುಮೆಣಸು ಕುಟ್ಟುವಾಗ ಮೊದಲು ಏಳುವ ಘಾಟು ಇದೆಯಲ್ಲ, ಅದೇ. ಭಾವ ಎರಡು ಸಲ ಮೂಸಿದರು. "ಏನೂ ಇಲ್ಲ ಮಾರಾಯ, ನಿನ್ನ ಕೈಯಲ್ಲೇ ಮೆಣಸಿದೆ" ಅಂದರು. ಹೌದಲ್ವಾ, ಇಡೀ ದಿನ ಕಣದಲ್ಲಿದ್ದವನು ನಾನು. ನಿಂಬೆಹಣ್ಣು ಉಜ್ಜಿ, ಸೋಪು ಹಾಕಿ ಮೊಣಕೈವರೆಗೂ ತೊಳೆದು ಬಂದೆ. ಅಷ್ಟರಲ್ಲಿ ಅಕ್ಕ ಸ್ನಾನ ಮುಗಿಸಿ ಬಂದಳು, ಅವಳಿಗೆ ನಮ್ಮ ಮಾತು ಗೊತ್ತಿಲ್ಲ. ಗ್ಲಾಸ್ ಕೊಟ್ಟೆ. "ಇದಕ್ಕೆ ಮೆಣಸು ಹಾಕಿದ್ದೀಯಾ?" ಅಂತ ಕೇಳಿದಳು.

ಆ ಪರಿಮಳದ ವಸ್ತುವಿಗೆ ರೊಟಂಡೋನ್ ಅಂತ ಹೆಸರು. ಶಿರಾಜ್‌ನಲ್ಲಿ ಇರುವುದೂ ಅದೇ, ನಮ್ಮ ಬಳ್ಳಿಯ ಮೆಣಸಿನಲ್ಲಿ ಇರುವುದೂ ಅದೇ. ಆಸ್ಟ್ರೇಲಿಯಾದ ವೈನ್ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ಹೆಸರು ಬಂದದ್ದು ಕೊನ್ನಾರಿ ಗಡ್ಡೆಯ ಸಸ್ಯನಾಮದಿಂದ, ಗದ್ದೆಯಲ್ಲಿ ಕಿತ್ತಷ್ಟೂ ಹುಟ್ಟುವ ಅದೇ ಕಳೆ! ಅವರ ಪರೀಕ್ಷೆಯಲ್ಲಿ ಮೂಸಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ, ಎಷ್ಟು ಜಾಸ್ತಿ ಹಾಕಿದರೂ ಅದರ ವಾಸನೆ ತಿಳಿಯಲೇ ಇಲ್ಲ. ಭಾವನ ಮೂಗೂ ಆ ಸಾಲಿನದ್ದಿರಬೇಕು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಗಾಳಿ ಮೆಣಸನ್ನು ಹುಟ್ಟಿಸಲಿಲ್ಲ ಅಂತ ನನಗನ್ನಿಸುತ್ತದೆ. ಮೊದಲೇ ಇತ್ತು, ಮೇಲೆ ಮುಚ್ಚಿಕೊಂಡಿದ್ದ ವಾಸನೆ ಸರಿಯಿತು ಅಷ್ಟೆ. ಜೊತೆಗೆ ವೈನ್ ಸ್ವಲ್ಪ ಬೆಚ್ಚಗಾಯಿತು. ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಪಂದಿ ಕರಿ ಜೊತೆ ಕುಡಿದಾಗಂತೂ ಒಗರಿನ ನೆನಪೇ ಇಲ್ಲ. ಕೊಬ್ಬಿನ ತುಂಡು ಒಂದು, ಗುಟುಕು ಒಂದು. ಈಗ ಅದು ಹಣ್ಣಾದ ನೇರಳೆ.

ದೊಡ್ಡ ಬಾಟಲಿಯ ತಳದಲ್ಲಿ ಒಂದು ಲೋಟದಷ್ಟು ಉಳಿಯಿತು. ಬಿರಡೆ ಒತ್ತಿ ಅಡುಗೆಮನೆ ಕಟ್ಟೆ ಮೇಲೆಯೇ ಇಟ್ಟೆ. ಭಾನುವಾರ ಮಧ್ಯಾಹ್ನ ಇನ್ನೂ ಮೆತ್ತಗಾಗಿತ್ತು, ನನಗೆ ಅದೇ ಹೆಚ್ಚು ಇಷ್ಟವಾಯಿತು. ಊಟ ಮುಗಿಸಿ ಅವರಿಬ್ಬರೂ ಹೊರಟರು. ಸೋಮವಾರ ಹಣ್ಣಿನ ರುಚಿ ಸಪ್ಪೆ. ಇವತ್ತು ಬಿರಡೆ ತೆಗೆದರೆ ಕೊಯ್ದಿಟ್ಟು ಕಪ್ಪಾದ ಸೇಬಿನ ವಾಸನೆ, ಹಿಂದೆಯೇ ವಿನೆಗರ್. ಮುಕ್ಕಾಲು ಬಾಟಲಿ ಗಾಳಿ ತುಂಬಿದ್ದರೆ ಇನ್ನೇನಾಗುತ್ತದೆ? ಬ್ಯಾಕ್ಟೀರಿಯಾ ಆ ಗಾಳಿ ಹಿಡಿದು ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ಚೆಲ್ಲಿದೆ.

ಆಮೇಲೆ ಜೇನಿನ ಬಾಟಲಿ ತೆಗೆದು ಅರ್ಧ ಗಂಟೆ ಹೊರಗಿಟ್ಟೆ. ಒಗರು ಇದೆ, ನೇರಳೆ ಇದೆ. ಗ್ಲಾಸ್ ತಿರುಗಿಸಿದ ಮೇಲೆ ಮೆಣಸೂ ಬಂತು. ಕಣಕ್ಕೆ ಹೋಗುವ ಮೊದಲು, ತೊಳೆದ ಕೈಯಲ್ಲೇ ಮೂಸಿದ್ದು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಹಿಂದಿನಿಂದ ಭಾವ, "ಒಂದು ಕೆಜಿ ಮೆಣಸು ಕಳಿಸು, ಅದನ್ನೂ ಮೂಸಿ ನೋಡ್ತೀನಿ" ಅಂದರು. ಮೇಲಿನ ಬಳ್ಳಿಗಳದ್ದು ಚೆನ್ನಾಗಿ ಒಣಗಿದೆ. ನಾಳೆ ತುಂಬಿಸಿ ಬಸ್ಸಿಗೆ ಹಾಕಬೇಕು.