ಮನೆಗೆ ಬೇಕಾದ ಎರಡು ಪಟ್ಟಿಗಳು

ತುರ್ತು ಸಂದರ್ಭಕ್ಕೆಂದು ಮನೆಗಳಲ್ಲಿ ಬರೆದಿಡುವ ಪಟ್ಟಿಗಳಲ್ಲಿ ನಾನು ಕಾಣುವ ದೊಡ್ಡ ಕೊರತೆಯೆಂದರೆ, ಮೊದಲೇ ತಂದಿಡಬೇಕಾದ ವಸ್ತುಗಳೂ ಅಪಾಯದ ಗಳಿಗೆಯಲ್ಲಿ ಮಾಡಬೇಕಾದ ಕೆಲಸಗಳೂ ಒಂದೇ ಹಾಳೆಯಲ್ಲಿ ಬೆರೆತಿರುವುದು. ಟಾರ್ಚಿನ ಸೆಲ್ಲು, ವಿಮೆಯ ಕಾಗದ, ಗ್ಯಾಸ್ ಬಂದ್ ಮಾಡುವ ಬಗೆ ಎಲ್ಲವನ್ನೂ ಒಟ್ಟಿಗೆ ತುಂಬಿದ ಹಾಳೆಯಲ್ಲಿ, ಗಾಬರಿಗೊಂಡವರಿಗೆ ಬೇಕಾದ ಸಾಲು ಸಿಗುವುದಿಲ್ಲ. ಇವೆರಡನ್ನೂ ಬೇರ್ಪಡಿಸಲೇಬೇಕು.

ಪರಿಶೀಲನಾ ಪಟ್ಟಿಯು ಏನೂ ತಿಳಿಯದವರಿಗೆ ಮಾತ್ರ ಎಂದು ಭಾವಿಸುವವರು 1935ರ ಅಕ್ಟೋಬರ್ 30ರಂದು ಅಮೆರಿಕದ ಡೇಟನ್ ಬಳಿ ನಡೆದ ವಿಮಾನ ಅಪಘಾತವನ್ನು ಗಮನಿಸಬೇಕು. ನಿಂತ ವಿಮಾನದ ನಿಯಂತ್ರಣ ಫಲಕಗಳು ಗಾಳಿಗೆ ಅಲುಗದಂತೆ ಹಾಕಿದ್ದ ಲಾಕನ್ನು ತೆಗೆಯದೆಯೇ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ಮೇಲೇರಿತು, ಕೆಲವೇ ಕ್ಷಣಗಳಲ್ಲಿ ನೆಲಕ್ಕಪ್ಪಳಿಸಿತು. ಅದನ್ನು ಹಾರಿಸುತ್ತಿದ್ದವರು ನುರಿತ ಪೈಲಟ್‌ಗಳೇ ಆಗಿದ್ದರು. ಆ ಬಳಿಕ ಪೈಲಟ್‌ಗಳಿಗಾಗಿ ರೂಪುಗೊಂಡದ್ದು ಹಾರಾಟದ ಪಾಠವಲ್ಲ, ಮರೆಯಬಾರದ ಕೆಲಸಗಳ ಚಿಕ್ಕ ಪಟ್ಟಿ.

ಅಪಾಯದ ಗಳಿಗೆಯ ಪಟ್ಟಿಯೂ ಹಾಗೆಯೇ ಚಿಕ್ಕದಾಗಿರಬೇಕು, ಮಾಡಬೇಕಾದ ಕ್ರಮದಲ್ಲಿಯೇ ಇರಬೇಕು. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ ಎಂಬುದು ಮೊದಲ ಸಾಲಾಗಿರಬೇಕು, ಏಕೆಂದರೆ ಎರಡರಲ್ಲೂ ಕಿಡಿ ಹಾರಬಹುದು. ವಾಲ್ವ್ ಮುಚ್ಚುವುದು, ಕಿಟಕಿ ಬಾಗಿಲು ತೆರೆಯುವುದು, ಎಲ್ಲರೂ ಹೊರಗೆ ಹೋಗಿ ಅಲ್ಲಿಂದಲೇ ಫೋನ್ ಮಾಡುವುದು ಅದರ ನಂತರದ ಸಾಲುಗಳು. ಮನೆಯೊಳಗೆ ನೀರು ನುಗ್ಗುವಂತಿದ್ದರೆ ಮೇನ್ ಸ್ವಿಚ್ ಆರಿಸಬೇಕು ಎಂದಷ್ಟೇ ಬರೆದರೆ ಸಾಲದು. ಅದು ಯಾವ ಗೋಡೆಯಲ್ಲಿದೆ ಎಂಬುದನ್ನೂ, ನೀರಿನಲ್ಲಿ ನಿಂತು ಅದನ್ನು ಮುಟ್ಟಬಾರದು ಎಂಬುದನ್ನೂ ಬರೆಯಬೇಕು. ಬೆಂಕಿ ಹೊತ್ತಿಕೊಂಡಾಗ ಮಾತ್ರ ಪಟ್ಟಿ ಹುಡುಕುತ್ತಾ ನಿಲ್ಲುವಂತಿಲ್ಲ: ಹೊರಗೆ ಎಲ್ಲರೂ ಸೇರುವ ಜಾಗವನ್ನು ಮನೆಯ ಪ್ರತಿಯೊಬ್ಬರೂ ಮೊದಲೇ ತಿಳಿದಿರಬೇಕು. ಮುಖ್ಯವಾದ ಫೋನ್ ನಂಬರುಗಳು ಕಾಗದದ ಮೇಲೆಯೂ ಇರಲಿ, ಚಾರ್ಜ್ ಮುಗಿದ ಮೊಬೈಲಿನಿಂದ ಅವು ಸಿಗುವುದಿಲ್ಲ.

ಸಿದ್ಧತೆಯ ಪಟ್ಟಿ ಉದ್ದವಿದ್ದರೂ ಅಡ್ಡಿಯಿಲ್ಲ, ಆದರೆ ಅಳತೆ ಸ್ಪಷ್ಟವಿರಬೇಕು. ‘ನೀರು’ ಎಂದು ಬರೆದರೆ ಎರಡು ಬಾಟಲಿ ಇಟ್ಟು ಸುಮ್ಮನಾಗುತ್ತೇವೆ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್, ಕನಿಷ್ಠ 3 ದಿನಕ್ಕೆ ಎಂಬ ಲೆಕ್ಕದಲ್ಲಿ ನಾಲ್ವರ ಕುಟುಂಬಕ್ಕೆ 48 ಲೀಟರ್ ಬೇಕು. ಅಪರೂಪಕ್ಕೆ ಬಳಸುವ ಟಾರ್ಚಿನಲ್ಲಿ ಸೆಲ್ಲುಗಳು ಸೋರಿ ಹಾಳಾಗುವುದರಿಂದ ಅವನ್ನು ಹೊರತೆಗೆದು ಪಕ್ಕದಲ್ಲೇ ಇಡಬೇಕು. ದಿನವೂ ಮಾತ್ರೆ ನುಂಗುವವರಿದ್ದರೆ ಔಷಧಿಯ ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕ ಮೂರೂ ಬೇಕು. ಫ್ರಿಜ್ಜಿನಲ್ಲಿಡುವ ಇನ್ಸುಲಿನ್‌ನಂತಹ ಔಷಧಿಗೆ ಕರೆಂಟ್ ಹೋದಾಗಿನ ಏರ್ಪಾಡೂ ಬೇಕು. ಪ್ರತಿ ಸಾಲಿನ ಮುಂದೆ ಅದನ್ನು ನೋಡಿಕೊಳ್ಳುವವರ ಹೆಸರಿರಲಿ, ಎಲ್ಲರ ಜವಾಬ್ದಾರಿ ಎಂದದ್ದನ್ನು ಯಾರೂ ಮಾಡುವುದಿಲ್ಲ.

ಪಟ್ಟಿ ಬರೆದವರೇ ಅದನ್ನು ಪರೀಕ್ಷಿಸಿದರೆ ಪ್ರಯೋಜನವಿಲ್ಲ, ಬರೆಯದೆ ಬಿಟ್ಟದ್ದನ್ನು ಅವರ ನೆನಪೇ ತುಂಬಿಕೊಡುತ್ತದೆ. ಮನೆಯ ಇನ್ನೊಬ್ಬರ ಕೈಗೆ ಅದನ್ನು ಕೊಟ್ಟು, ದೀಪ ಆರಿಸಿ, ಯಾರನ್ನೂ ಕೇಳದೆ ಮೇನ್ ಸ್ವಿಚ್ಚನ್ನೂ ಔಷಧಿಯ ಚೀಲವನ್ನೂ ಹುಡುಕಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಅಂದೇ ತಿದ್ದಿ ಬರೆದು, ಹಳೆಯ ಹಾಳೆಯನ್ನು ಹರಿದು ಹಾಕಿ.